ಬೆನ್ನ ಮೇಲಿನ ಒಂಬತ್ತು

ಹೆಂಡತಿ ಹುಟ್ಟುಹಬ್ಬಕ್ಕೆ ಕೊಡಿಸಿದ ಹಸಿರು ಜೆರ್ಸಿಯನ್ನು ಡ್ರೈವರ್ ಮಹಾಶಯ ಮೂರು ತಿಂಗಳು ಮಡಿಕೆ ಬಿಚ್ಚದೆ ಇಟ್ಟಿದ್ದು ಫೈನಲ್ ದಿನಕ್ಕೆಂದೇ. ಬೆನ್ನ ಮೇಲೆ ಮೊಳದುದ್ದದ ಬಿಳಿ ಅಂಕಿ, ಒಂಬತ್ತು. ಊರಿನ ಫುಟ್‌ಬಾಲ್ ತಂಡದಲ್ಲಿ ಒಂಬತ್ತು ಎಂದರೆ ‘ಬಿರುಗಾಳಿ’. ಆ ವರ್ಷ ತಂಡ ಹೊಡೆದ ಗೋಲುಗಳಲ್ಲಿ ಅರ್ಧಕ್ಕರ್ಧ ಅವನ ಕಾಲಿನವು.

ಫೈನಲ್ ಇದ್ದದ್ದು ಮೂರು ಗಂಟೆ ದೂರದ ಎದುರಾಳಿಗಳ ಊರಿನಲ್ಲಿ. ಅಭಿಮಾನಿ ಸಂಘದ ಸ್ಪೆಷಲ್ ಬಸ್ಸಿಗೆ ಇವನೇ ಡ್ರೈವರ್, ಪಂದ್ಯದ ಟಿಕೆಟ್ಟೂ ಸಂಘದ್ದೇ. ಗಾಡಿ ತೊಳೆದು ಹಸಿರು ರಿಬ್ಬನ್ ಕಟ್ಟಬೇಕೆಂಬ ಉತ್ಸಾಹದಲ್ಲಿ ಬೆಳಗಿನ ಸುದ್ದಿ ಬರುವ ಮೊದಲೇ ಮನೆ ಬಿಟ್ಟ. ಆ ದಿನದ ಎಲ್ಲ ಎಡವಟ್ಟಿಗೂ ಅದೇ ಮೂಲ.

ಎಂಟಕ್ಕೆ ಸರಿಯಾಗಿ ನಲವತ್ತು ಮಂದಿ ಗಿಳಿಹಿಂಡಿನಂತೆ ಬಂದು ಬಸ್ಸು ತುಂಬಿದರು. ಡ್ರೈವರ್ ಸೀಟಿನಲ್ಲಿ ಕೂತಲ್ಲಿಂದಲೇ ಎಲ್ಲರಿಗೂ ಕೈಬೀಸಿದ. ಸಂಘದ ಅಧ್ಯಕ್ಷ, ಬಣ್ಣದಂಗಡಿಯ ಯಜಮಾನ, ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡು “ಒಂಬತ್ತಕ್ಕೆ” ಎಂದು ಕೂಗಿದ. ಡ್ರೈವರ್ “ಜೈ” ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸಿಗೆ ಬಸ್ಸೇ “ಧಿಕ್ಕಾರ” ಎಂದಿತು.

ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಪಕ್ಕದಲ್ಲಿ, ಇಂಜಿನ್ ಡಬ್ಬಿಯ ಮೇಲೆ, ರೇಡಿಯೋ ಹಿಡಿದು ಕೂತಿದ್ದ ಭಾವಮೈದ ಕಿವಿಗೆ ಬಾಗಿದ.

“ಭಾವ, ಸುದ್ದಿ ಕೇಳ್ಲಿಲ್ವಾ? ಬಿರುಗಾಳಿ ಮುಂದಿನ ವರ್ಷದಿಂದ ಎದುರು ಟೀಮಿಗೆ ಆಡ್ತಾನಂತೆ. ನಿನ್ನೆ ಸಂಜೆ ಸಹಿ ಹಾಕಿದ್ದಾನೆ.” ಆಮೇಲೆ ಅನುಮಾನದಿಂದ ಭಾವನ ಭುಜ ನೋಡಿದ. “ಅಕ್ಕ ಕೊಡಿಸಿದ್ದೇ ಹಾಕ್ಕೊಂಡಿದ್ದೀರಾ?”

“ಹೂಂ.”

“ಹಾಗಾದ್ರೆ ಸೀಟು ಬಿಟ್ಟು ಏಳಬೇಡಿ.”

ಬಸ್ಸು ಹೊರಟ ಕೂಡಲೇ ಅಧ್ಯಕ್ಷ ಒಂದು ಗೋಣಿಚೀಲ ಹಿಡಿದು ಬಸ್ಸಿನುದ್ದಕ್ಕೂ ನಡೆದ. ನಿನ್ನೆಯವರೆಗೆ ಒಂಬತ್ತು ತೊಟ್ಟು ಮೆರೆದವರೆಲ್ಲ ಮನೆಯಿಂದ ತಂದ ಆ ಜೆರ್ಸಿಗಳನ್ನು ಸತ್ತ ಇಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಎತ್ತಿ ಚೀಲಕ್ಕೆ ಹಾಕಿದರು. ಸ್ಟೇಡಿಯಮ್ಮಿನ ಗೇಟಿನ ಮುಂದೆ ಅಷ್ಟಕ್ಕೂ ಬೆಂಕಿ ಇಡುವುದೆಂದು ತೀರ್ಮಾನವಾಯಿತು. ಇನ್ನೂ ಆ ನಂಬರ್ ಮೈಮೇಲೆ ಇಟ್ಟುಕೊಂಡವನು ಸಿಕ್ಕರೆ ಅವನನ್ನೂ ಅದೇ ಚೀಲದಲ್ಲಿ ಕಟ್ಟುವುದಾಗಿ ಅಧ್ಯಕ್ಷ ಘೋಷಿಸಿದ. ಡ್ರೈವರ್ ಬೆನ್ನನ್ನು ಸೀಟಿಗೆ ಒತ್ತಿ ಒತ್ತಿ ಅಂಚೆಚೀಟಿಯಂತೆ ಅಂಟಿಕೊಂಡ. ಬಿಚ್ಚಿ ಎಸೆಯೋಣವೆಂದರೆ ಎರಡೂ ಕೈ ಸ್ಟಿಯರಿಂಗಿನ ಮೇಲೆ, ಎಂಬತ್ತು ಕಣ್ಣು ಹಿಂದೆ.

ಅರ್ಧ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಬೇಕಾಯಿತು. ಎಲ್ಲರೂ ಇಳಿದರೂ ಡ್ರೈವರ್ ಮಾತ್ರ ಮಿಸುಕಲಿಲ್ಲ. ಕಾರಣ ಕೇಳಿದವರಿಗೆ ಭಾವಮೈದ, ಭಾವನಿಗೆ ಬೆಳಿಗ್ಗೆಯಿಂದ ಬೆನ್ನು ಹಿಡಿದುಕೊಂಡಿದೆ ಎಂದುಬಿಟ್ಟ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು ಅನ್ನುವ ಹಾಗಿರಲಿಲ್ಲ, ಮನೆಯೇ ಹೊತ್ತಿಕೊಂಡಿತು. ಏಕೆಂದರೆ ನಲವತ್ತು ಮಂದಿಯಲ್ಲಿ ಒಬ್ಬ ಆಸ್ಪತ್ರೆಯ ಕಾಂಪೌಂಡರ್. ಅವನ ಚೀಲದಲ್ಲಿ ಮುಲಾಮು ಸದಾ ಇರುತ್ತಿತ್ತು, ಬೇಡವೆಂದವರಿಗೂ ಹಚ್ಚುವ ಗುಣ ಅದಕ್ಕಿಂತ ಹೆಚ್ಚಾಗಿ ಇತ್ತು.

“ಅಂಗಿ ಸ್ವಲ್ಪ ಎತ್ತಿ ಸಾರ್, ಎರಡೇ ನಿಮಿಷ.”

“ಬೇಡಪ್ಪ, ತಾನಾಗೇ ಹೋಗತ್ತೆ.”

“ತಾನಾಗೇ ಹೋಗೋ ಹಾಗಿದ್ರೆ ನಾವ್ಯಾಕೆ ಇರಬೇಕು? ಹಿಡ್ಕೊಳ್ರೋ, ಮುಂದಕ್ಕೆ ಬಗ್ಗಿಸಿ.”

ಸಹಾಯಕ್ಕೆ ಆರು ಕೈ ಬಂದವು. ಡ್ರೈವರ್ ಅವು ತಲುಪುವ ಮೊದಲೇ ತನ್ನ ಪಕ್ಕದ ಬಾಗಿಲು ತೆರೆದು ಹಾರಿ, ಬಸ್ಸಿಗೆ ಬೆನ್ನು ಉಜ್ಜುತ್ತ ಏಡಿಯಂತೆ ಅಡ್ಡಡ್ಡ ಸರಿದು, ಹಿಮ್ಮುಖವಾಗಿಯೇ ರಸ್ತೆ ದಾಟಿ ಹೊಲದ ಬೇಲಿಯ ಹಿಂದೆ ಮಾಯವಾದ. ಬೆನ್ನು ಹಿಡಿದವನು ಹೀಗೆ ಓಡಿದ್ದನ್ನು ತನ್ನ ಸೇವಾವಧಿಯಲ್ಲೇ ಕಂಡಿಲ್ಲವೆಂದು ಕಾಂಪೌಂಡರ್ ಮುಲಾಮಿನ ಡಬ್ಬಿ ಹಿಡಿದು ನಿಂತ.

ಬೇಲಿಯ ಹಿಂದೆ ಡ್ರೈವರ್ ಜೆರ್ಸಿ ಬಿಚ್ಚಿ, ಒಳಗು ಹೊರಗೆ ಮಾಡಿ ತೊಟ್ಟುಕೊಂಡ. ಅಲ್ಲೇ ಇನ್ನೊಂದು ತುರ್ತು ಕೆಲಸವನ್ನೂ ಮುಗಿಸಿದ. ಎರಡು ಭಾರ ಒಟ್ಟಿಗೇ ಇಳಿದು ದೇಹ ಹತ್ತಿಯಂತೆ ಹಗುರಾಯಿತು. ಬಸ್ಸಿನ ಕಡೆಯಿಂದ ಭಾರೀ ಗದ್ದಲ, ಶಿಳ್ಳೆ ಕೇಳುತ್ತಿತ್ತು. ಹುಡುಗರಿಗೆ ಹುರುಪು ಏರಿದೆ, ತನ್ನ ಮೇಲೆ ಬಂದ ಅನುಮಾನ ಕಳೆಯಲು ಇದೇ ಸಮಯ ಎಂದುಕೊಂಡ. ದಾಪುಗಾಲು ಹಾಕಿ ಬಂದು, ಮೆಟ್ಟಿಲು ಹತ್ತಿ, ಮುಷ್ಟಿ ಎತ್ತಿ, ಎದೆ ತುಂಬ ಉಸಿರು ಎಳೆದು ಕೂಗಿದ:

“ಒಂಬತ್ತಕ್ಕೆ ಧಿಕ್ಕಾರ.”

ಅವನೆದುರು ಹದಿನೇಳು ಒಂಬತ್ತುಗಳು ನಿಂತಿದ್ದವು. ಗೋಣಿಚೀಲ ಖಾಲಿಯಾಗಿ ನೆಲದ ಮೇಲೆ ಬಿದ್ದಿತ್ತು.

ನಡೆದದ್ದು ಇಷ್ಟು. ಅವನು ಬೇಲಿಯ ಹಿಂದಿದ್ದಾಗ ಬಿರುಗಾಳಿಯೇ ರೇಡಿಯೋದಲ್ಲಿ ಮಾತಾಡಿದ್ದ. ರಾತ್ರಿಯಿಡೀ ನಿದ್ದೆ ಬರಲಿಲ್ಲ, ಒಪ್ಪಂದದ ಕಾಗದ ಹರಿದುಹಾಕಿದೆ, ಆಡುವವರೆಗೂ ಹಸಿರು ಅಂಗಿಯಲ್ಲೇ ಆಡುತ್ತೇನೆ ಎಂದು ಅತ್ತಿದ್ದ. ನಲವತ್ತು ಮಂದಿಯೂ ಅತ್ತಿದ್ದರು. ಚೀಲದೊಳಗಿನ ತನ್ನ ಜೆರ್ಸಿಯನ್ನು ಎಲ್ಲರಿಗಿಂತ ಮೊದಲು ಎಳೆದುಕೊಂಡವನು ಅಧ್ಯಕ್ಷ.

ಅವನು ಈಗ ಡ್ರೈವರನ ಸುತ್ತ ಒಂದು ಸುತ್ತು ಬಂದ. ಹೊಲಿಗೆ ಹೊರಗೆ, ಕತ್ತಿನ ಪಟ್ಟಿ ಹೊರಗೆ, ತೆಳು ಬಟ್ಟೆಯ ಹಿಂದೆ ಉಲ್ಟಾ ಒಂಬತ್ತು.

“ಬಿರುಗಾಳಿ ಅಂಗಿ ತಿರುಗಿಸಿ ಹಾಕ್ಕೊಂಡು ಅವನಿಗೇ ಧಿಕ್ಕಾರ ಕೂಗ್ತೀಯಾ? ನಾನು ಒಂದು ಗಳಿಗೆನೂ ಅವನ ಮೇಲೆ ಅನುಮಾನ ಪಡಲಿಲ್ಲ ಕಣಯ್ಯ.”

ಡ್ರೈವರ್ ಆಸರೆಗಾಗಿ ಭಾವಮೈದನ ಕಡೆ ನೋಡಿದ. ಭಾವಮೈದ ಕಿಟಕಿಯಾಚೆ ಮೋಡ ಎಣಿಸುತ್ತಿದ್ದ.

ಸ್ಟೇಡಿಯಂ ತಲುಪಿದ ಕೂಡಲೇ ಡ್ರೈವರನ ಟಿಕೆಟ್ ಕಿತ್ತುಕೊಂಡರು. ನಿಷ್ಠೆ ಇಲ್ಲದವನಿಗೆ ಒಳಗೆ ಜಾಗವಿಲ್ಲ, ಬಸ್ಸು ಕಾಯಲಿ ಎಂದು ತೀರ್ಪಾಯಿತು. ಡೊಳ್ಳು ಬಡಿಯುತ್ತ ಎಲ್ಲರೂ ಒಳಗೆ ಹೋದರು. ಒಬ್ಬನೇ ಉಳಿದ ಡ್ರೈವರಿಗೆ ಕಣ್ಣಂಚು ಒದ್ದೆಯಾಯಿತು. ಆದರೂ ಬಿರುಗಾಳಿ ತಮ್ಮವನಾಗಿಯೇ ಉಳಿದನಲ್ಲ ಎಂಬ ಖುಷಿ ಮೇಲಾಯಿತು. ಜೆರ್ಸಿಯನ್ನು ಬಿಚ್ಚಿ, ಒದರಿ, ಸರಿಯಾಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಗೇಟಿನತ್ತ ನಡೆದ. ಕನಿಕರ ಇರುವವರು ಯಾರಾದರೂ ಒಳಗೆ ಬಿಟ್ಟಾರು ಎಂಬ ಆಸೆ.

ಗೇಟಿನ ಬಳಿ ತಡವಾಗಿ ಬಂದ ಕೆಂಪು ಅಂಗಿಯ ಒಂದು ಗುಂಪು ಇತ್ತು, ಆ ಊರಿನ ಅಭಿಮಾನಿಗಳದು. ರೇಡಿಯೋ ಅವರೂ ಕೇಳಿದ್ದರು.

“ನಮಗೆ ಮಾತು ಕೊಟ್ಟು ಕೈಕೊಟ್ಟವನ ನಂಬರ್ ಹಾಕ್ಕೊಂಡು ನಮ್ಮ ಗೇಟಿಗೇ ಬಂದಿದ್ದೀಯಲ್ಲ, ಧೈರ್ಯ ಮೆಚ್ಚಬೇಕು” ಎಂದ ಒಬ್ಬ ದಡಿಯ.

ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಗುವಿಗೆ ಸ್ನಾನ ಮಾಡಿಸುವವರಂತೆ ಎರಡೂ ತೋಳು ಎತ್ತಿಸಿ ಜೆರ್ಸಿ ಕಳಚಿ, ತಮ್ಮ ಬಾವುಟದ ಕೋಲಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು. ಡ್ರೈವರ್ ಬನಿಯನ್ನಿನಲ್ಲಿ ಬಂದು ಸೀಟಿನಲ್ಲಿ ಕೂತ.

ಎರಡು ಗಂಟೆ ಕಳೆದ ಮೇಲೆ ನಲವತ್ತು ಮಂದಿ ಕುಣಿಯುತ್ತ ಬಂದರು. ಒಂದೇ ಗೋಲು, ಅದೂ ಬಿರುಗಾಳಿಯದು, ಕೊನೆಯ ನಿಮಿಷದಲ್ಲಿ. ಡ್ರೈವರ್ ಸಂತೋಷ ತಡೆಯಲಾರದೆ ಎದ್ದು ನಿಂತ. ಮೊದಲು ಹತ್ತಿದ ಅಧ್ಯಕ್ಷ ಅವನ ಬನಿಯನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂದೆ ತಿರುಗಿದ.

“ನೋಡ್ರಪ್ಪಾ, ಬೆಳಿಗ್ಗೆ ತಿರುಗಿಸಿ ಹಾಕ್ಕೊಂಡಿದ್ದ. ಈಗ ಬಿಚ್ಚಿ ಬಿಸಾಡೇಬಿಟ್ಟಿದ್ದಾನೆ.”

ಡ್ರೈವರ್ ಏನೋ ಹೇಳಹೊರಟ. ಕೇಳುವವರಿರಲಿಲ್ಲ. ಊರು ತಲುಪುವ ಮೂರು ಗಂಟೆಯೂ ಒಬ್ಬೊಬ್ಬರಾಗಿ ಅವನ ಸೀಟಿನ ಹಿಂದೆ ನಿಂತು, ನಿಷ್ಠೆ ಎಂದರೇನೆಂದು ಅವನಿಗೆ ತಿಳಿಯಹೇಳಿದರು. ಮೊದಲ ಪಾಳಿ ಭಾವಮೈದನದು.