ಹಳೆಯದು ಮುಂದೆ, ಹೊಸದು ಹಿಂದೆ

ಇಟ್ಟಮಡುವಿನ ನಮ್ಮ ಮನೆಗೆ ಬರುವವರಿಗೆ ಮೊದಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಸ್ವಲ್ಪ ಹೊತ್ತು ಅಲ್ಲಾಡದೆ ಕೂತಿರೋ, ನನ್ನ ತಮ್ಮ ನಿಮ್ಮನ್ನೂ ಸಾಲಾಗಿ ಜೋಡಿಸಿಬಿಡುತ್ತಾನೆ!

ಜೆ.ಪಿ. ನಗರದ ಸೂಪರ್ ಮಾರ್ಕೆಟ್ ಒಂದರಲ್ಲಿ ಶೆಲ್ಫುಗಳಿಗೆ ಸಾಮಾನು ಜೋಡಿಸುವುದು ಅವನ ಕೆಲಸ. ಪ್ಯಾಕೆಟ್ಟಿನ ಹೆಸರು ಎದುರಿಗೆ ಕಾಣಬೇಕು. ಹಳೆಯ ಸ್ಟಾಕು ಮುಂದೆ, ಹೊಸದು ಹಿಂದೆ. ಈ ಕಾನೂನು ಅಂಗಡಿಯ ಬಾಗಿಲಲ್ಲೇ ನಿಲ್ಲಬೇಕಿತ್ತು ಅಲ್ಲವೇ? ನಿಲ್ಲಲಿಲ್ಲ, ಅವನ ಜೊತೆ ಬಸ್ಸು ಹತ್ತಿ ಮನೆಗೇ ಬಂತು. ಅಡುಗೆಮನೆಯ ಡಬ್ಬಿಗಳೆಲ್ಲ ಪರೇಡಿಗೆ ನಿಂತವು. ದೇವರ ಮನೆಯಲ್ಲಿ ಸವೆದ ವಿಭೂತಿ ಗಟ್ಟಿ ಮುಂದಕ್ಕೆ ಬಂತು, ಹೊಸದು ಹಿಂದಕ್ಕೆ ಹೋಯಿತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಗ್ರೂಪ್ ಫೋಟೋಗೆ ಮುಂದೆ ನಿಂತಿದ್ದ ಹುಡುಗಿಯರನ್ನೆಲ್ಲ ಹಿಂದಕ್ಕೆ ಕಳಿಸಿ, ವಯಸ್ಸಾದವರನ್ನು ಮುಂದಕ್ಕೆ ಕರೆತಂದ. ನಮ್ಮ ಸೋದರತ್ತೆ ಇದು ಗೌರವವೆಂದು ಉಬ್ಬಿಹೋದರು. "ಎಕ್ಸ್‌ಪೈರಿ ಡೇಟ್ ಹತ್ರ ಬಂದಿರೋದು ಮುಂದೆ ಇರ್ಬೇಕು ಅತ್ತೆ" ಎಂದು ಇವನು ವಿವರಿಸಿದ. ಅತ್ತೆ ಆಮೇಲೆ ನಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ.

ಈ ಕೆಲಸವೇನೂ ಸುಮ್ಮನೆ ಸಿಕ್ಕಿದ್ದಲ್ಲ. ತಮ್ಮನ ಬುದ್ಧಿಯ ಬೆಳವಣಿಗೆ ನಿಧಾನ ಎಂದು ಚಿಕ್ಕಂದಿನಲ್ಲೇ ಡಾಕ್ಟರು ಹೇಳಿದ್ದರು. ಅಮ್ಮ ಬೇಗ ಹೋದರು. ಮೂವತ್ತು ದಾಟುವವರೆಗೂ ಅವನಿಗೆ ಮನೆಯೇ ಲೋಕ, ಅಪ್ಪನೇ ಜೊತೆಗಾರ. ಇಂಥವರಿಗೆ ಕೆಲಸ ಕಲಿಸಿ ಸೇರಿಸುವ ಸಂಸ್ಥೆಯ ಮೇಡಂ ಒಬ್ಬರು ಮನೆಗೆ ಬಂದಾಗ ಅಪ್ಪ ಒಪ್ಪಲೇ ಇಲ್ಲ. "ನಾನಿರೋವರ್ಗೂ ನನ್ನ ಮಗ ಯಾಕೆ ದುಡೀಬೇಕು?" ಅಂದರು.

"ಆಮೇಲೆ ಸಾರ್?" ಅಂದರು ಮೇಡಂ, ಮೆತ್ತಗೆ.

ಮುಂದಿನ ವಾರ ಅಪ್ಪನೇ ಹೋಗಿ ಮಗನಿಗೆ ಹೊಸ ಶೂ ತಂದರು.

ಮೊದಮೊದಲು ಮೇಡಂ ಅಂಗಡಿಯಲ್ಲಿ ಅವನ ಪಕ್ಕದಲ್ಲೇ ನಿಂತು ತೋರಿಸಿಕೊಟ್ಟರು. ಬರಬರುತ್ತಾ ಸ್ವಲ್ಪ ಆಚೆ ನಿಂತರು, ಆಮೇಲೆ ಬಾಗಿಲ ಬಳಿ, ಕೊನೆಗೆ ಆಗೀಗ ಬಂದು ವಿಚಾರಿಸಿಕೊಂಡು ಹೋಗತೊಡಗಿದರು. ಮೇಡಂ ಏನೋ ಹಿಂದೆ ಸರಿದರು, ಅಪ್ಪ ಸರಿಯಬೇಕಲ್ಲ! ಉಪ್ಪು ಕೊಳ್ಳುವ ನೆಪದಲ್ಲಿ ದಿನಾ ಹೋಗಿ, ಗೋಧಿಹಿಟ್ಟಿನ ಚೀಲಗಳ ಮರೆಯಲ್ಲಿ ನಿಂತು ಮಗನನ್ನು ನೋಡುತ್ತಿದ್ದರು. ಒಂದು ದಿನ ಸಿಕ್ಕಿಬಿದ್ದರು. ಗಿರಾಕಿಗಳನ್ನು ಹೇಗೆ ಮಾತಾಡಿಸಬೇಕೆಂದು ಕಲಿಸಿದ್ದರೋ ಹಾಗೆಯೇ ತಮ್ಮ ಕೇಳಿದನಂತೆ: "ಏನ್ ಬೇಕು ಸಾರ್?" ಅಪ್ಪ ಇನ್ನೊಂದು ಪ್ಯಾಕೆಟ್ ಉಪ್ಪು ಹಿಡಿದು ವಾಪಸು ಬಂದರು. ಮಗ ತನ್ನನ್ನು ಸಾರ್ ಅಂದನೆಂದು ಬೀದಿಯವರಿಗೆಲ್ಲ ಹೇಳಿದ್ದೇ ಹೇಳಿದ್ದು!

ಹೋದ ವರ್ಷ ಅಪ್ಪ ತೀರಿಕೊಂಡರು. ಅವರು ತಂದ ಉಪ್ಪು ಇನ್ನೂ ಮುಗಿದಿಲ್ಲ. ಸಾರಿಗೆ ಉಪ್ಪು ಹಾಕುವಾಗಲೆಲ್ಲ ನನಗೆ ಅಪ್ಪ ಬೇಕು ಅನ್ನಿಸುತ್ತದೆ, ಚಿಕ್ಕ ಹುಡುಗಿಯ ಹಾಗೆ. ತಮ್ಮ ಮಾತ್ರ ಅಳಲಿಲ್ಲ. ಕಾರ್ಯವೆಲ್ಲ ಮುಗಿದ ಮಾರನೆಯ ದಿನವೇ ಶೂ ಹಾಕಿಕೊಂಡು ಕೆಲಸಕ್ಕೆ ಹೊರಟ. ಅಪ್ಪ ಸಂಜೆ ಕಾಯುತ್ತಿದ್ದ ಬಸ್ ಸ್ಟಾಪಿನಲ್ಲಿ ಈಗ ನಾನು ಕಾಯುತ್ತೇನೆ. ಬಸ್ಸಿಳಿದವನು ನನ್ನ ಆಚೀಚೆ ಒಮ್ಮೆ ನೋಡಿ, ಮನೆ ಕಡೆ ನಡೆಯುತ್ತಾನೆ. ಅಪ್ಪ ಇಲ್ಲವೆಂಬುದು ಇವನಿಗೆ ತಿಳಿದಿದೆಯೋ ಇಲ್ಲವೋ, ತಿಳಿಸಿ ಹೇಳುವುದಾದರೂ ಹೇಗೆ ಎಂದು ತಿಂಗಳುಗಟ್ಟಲೆ ಒದ್ದಾಡಿದೆ.

ಮೊನ್ನೆ ಜಯನಗರದಲ್ಲಿ ಹೊಸ ಚಪ್ಪಲಿ ಕೊಂಡೆ. ನಮ್ಮ ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಅಪ್ಪನ ಚಪ್ಪಲಿ ಇರುತ್ತಿದ್ದ ಜಾಗ ಖಾಲಿಯಿತ್ತು, ಅಲ್ಲಿಟ್ಟೆ. ತಮ್ಮ ಬಂದು ಎತ್ತಿ ಕೆಳಗಿಟ್ಟ. ನಾನು ಮತ್ತೆ ಇಟ್ಟೆ. ಅವನು ಮತ್ತೆ ಎತ್ತಿದ.

"ಅಪ್ಪ ಇನ್ನು ಬರಲ್ಲ ಕಣೋ" ಅಂದೆ.

"ಗೊತ್ತಕ್ಕ" ಅಂದ. "ಖಾಲಿ ಆಗಿರೋ ಜಾಗದಲ್ಲಿ ಬೇರೆ ಸಾಮಾನು ಇಡಬಾರ್ದು. ಇಟ್ರೆ, ಅಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗಲ್ಲ."

ಅದೂ ಅಂಗಡಿಯ ಕಾನೂನೇ ಅಂತೆ. ಜೇಬಿನಿಂದ ಒರೆಸುವ ಬಟ್ಟೆ ತೆಗೆದು, ಆ ಖಾಲಿ ಜಾಗದ ಧೂಳನ್ನು ಮೂಲೆ ಬಿಡದೆ ಒರೆಸಿದ.

ನನ್ನ ಹೊಸ ಚಪ್ಪಲಿ ಈಗ ಹೊರಗೆ ಮೆಟ್ಟಿಲ ಮೇಲಿರುತ್ತದೆ. ನೀವು ಬಂದಾಗ ನಿಮ್ಮದನ್ನೂ ಅಲ್ಲೇ ಬಿಡಿ.