ಕಾಕಾನ ಕುದುರೆಯ ಎರಡನೇ ಸೂಜಿ

ಇಡೀ ಬೈಲಹೊಂಗಲದಲ್ಲಿ ಫ್ಲೂ ಜ್ವರಕ್ಕೆ ಲಸಿಕೆ ಹಾಕಿಸಿಕೊಂಡ ಮೊದಲ ಜೀವಿ ನಮ್ಮ ಕಾಕಾನ ಕುದುರೆ! ಕಾಕಾನಿಗೆ ಜ್ವರ ಬಂದರೆ ಶುಂಠಿ ಕಷಾಯವೇ ಗತಿ. ಕುದುರೆಗೆ ಮಾತ್ರ ಪುಣೆಯಿಂದ ಔಷಧ. ಯಾವ ವರ್ಷ ಎಂದು ಕೇಳಬೇಡಿ. ನಾನು ಎಪ್ಪತ್ಮೂರು ಎನ್ನುತ್ತೇನೆ, ತಂಗಿ ಎಪ್ಪತ್ತಾರು ಎನ್ನುತ್ತಾಳೆ. ಇಬ್ಬರೂ ಆಣೆ ಮಾಡಿ ಹೇಳುತ್ತೇವೆ!

ಕಾಕಾ ಅಂದರೆ ಅಪ್ಪನ ತಮ್ಮ, ಸೈನ್ಯದ ಕುದುರೆ ಲಾಯದಲ್ಲಿದ್ದು ನಿವೃತ್ತರಾಗಿ, ಊರಿಗೆ ಬಂದು ಟಾಂಗಾ ಇಟ್ಟವರು. ಮದುವೆಯಾಗಿರಲಿಲ್ಲ. ಮೊದಲ ಕುದುರೆ ಕೆಮ್ಮಿ ಕೆಮ್ಮಿ ಸತ್ತಿತ್ತು. ಎರಡನೆಯದು ಬಿಳಿಯ ಹೆಣ್ಣು ಕುದುರೆ. ಅದನ್ನು ಹಾಗೆ ಕಳೆದುಕೊಳ್ಳಲಾರೆ ಎಂದು ಹಟ ತೊಟ್ಟರು. ರೇಸ್ ಕುದುರೆಗಳಿಗೆ ಚುಚ್ಚುವ ಲಸಿಕೆಯನ್ನು ಹಳೆಯ ಗೆಳೆಯನಿಂದ ತರಿಸಿದರು. ಮೊದಲ ಸೂಜಿ ಆಯಿತು; ತಿಂಗಳು ಬಿಟ್ಟು ಎರಡನೆಯದೂ ಬೀಳಬೇಕಿತ್ತು, ಆಗಲೇ ಪೂರ್ತಿ ಶಕ್ತಿ.

ಟಾಂಗಾ ಸ್ಟ್ಯಾಂಡಿನವರು ಬಿಟ್ಟಾರೆಯೆ?

"ಏ ಮಿಲ್ಟ್ರಿ ಕಾಕಾ, ಇನ್ನ ನಿನ್ನ ಕುದರಿ ಕೆಮ್ಮೂದಽ ಇಲ್ಲೇನು?"

"ಕೆಮ್ಮಬಹುದು. ಆದ್ರ ಕಡಿಮಿ ಕೆಮ್ಮತೈತಿ. ನಿಮ್ಮ ಕುದರಿಗೆ ಹಚ್ಚೂದೂ ಕಡಿಮಿ."

"ಕೆಮ್ಮೂದಾದ್ರ ಸೂಜಿ ಯಾಕೋ ಯಪ್ಪಾ?"

"ಛತ್ರಿ ಹಿಡದ್ರೂ ಮೊಣಕಾಲ ತನಕಾ ತೋಯ್ತೀಯಲ್ಲ, ಛತ್ರಿ ಒಗದ್ಯೇನು?"

ಎರಡನೇ ಸೂಜಿ ಬಂದ ದಿನ ದನದ ಡಾಕ್ಟರು ಸವದತ್ತಿಗೆ ಹೋಗಿದ್ದರು. ಹೋಗುವಾಗಲೇ ತಣ್ಣಗಿಡಿ ಎಂದು ಹೇಳಿದ್ದರು. ಕಾಕಾ ಸೋಡಾ ಅಂಗಡಿಯಿಂದ ಬರ್ಫ ತಂದು ಸೀಸೆಯನ್ನು ಅದರಲ್ಲಿ ಹುಗಿದರು. ಸೈನ್ಯದವರು ಅರ್ಧ ಕೆಲಸ ಮಾಡುತ್ತಾರೆಯೆ! ಬರ್ಫ ಇನ್ನೂ ತಣ್ಣಗಾಗಲೆಂದು ಮೇಲೆ ಎರಡು ಸೇರು ಉಪ್ಪು ಸುರಿದರು. ಮರುದಿನ ಡಾಕ್ಟರು ಸೀಸೆ ಅಲ್ಲಾಡಿಸಿದರು.

"ಏನ್ರೀ ಇದು, ಕಲ್ಲಾಗೇತಿ!"

"ತಣ್ಣಗಿಡ್ರಿ ಅಂದಿದ್ರಲ್ರಿ."

"ತಣ್ಣಗಿಡ್ರಿ ಅಂದ್ರ ಕುಲ್ಫಿ ಮಾಡೀರಲ್ರೀ! ಹೆಪ್ಪುಗಟ್ಟಿದ ಮ್ಯಾಲ ಇದರಾಗ ಶಕ್ತಿ ಉಳಿಯೂದಿಲ್ಲ."

ಇನ್ನೊಂದು ಸೀಸೆ ಬರಲು ತಿಂಗಳುಗಳೇ ಬೇಕು. ಅಲ್ಲಿಯತನಕ ಒಂದೇ ಸೂಜಿಯ ಕಾವಲು. ಕಾಕಾ ಟಾಂಗಾ ನಿಲ್ಲಿಸಿ, ಯಾರೂ ಒಳಗೆ ಬರಕೂಡದೆಂದು ಗೇಟಿಗೆ ಚಿಲಕ ಹಾಕಿದರು. ಮನುಷ್ಯರ ಕೆಮ್ಮು ಕುದುರೆಗೆ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದರೆ, "ಅವರ ಅಂಗಿಗೆ ಬ್ಯಾರೆ ಕುದರಿದು ಹತ್ತಿರತೈತಲ್ರಿ" ಎಂದರು. ಹಬ್ಬದ ದಿನ ನಮ್ಮವ್ವ ಕಡುಬು ಒಯ್ದಳು. ಒಳಗಿನಿಂದಲೇ ದನಿ: "ವೈನಿ, ಗೋಡಿ ಮ್ಯಾಲ ಇಟ್ಟು ಹೋಗ್ರಿ."

"ನನ್ನ ಕಟಗೊಂಡಾಂವ ನಿಮ್ಮಣ್ಣ, ಕುದರಿ ಅಲ್ಲ!" ಎಂದು ಅವ್ವ ಬುಟ್ಟಿ ಕುಕ್ಕಿ ಬಂದಳು. ಮತ್ತೆ ಹೋಗಲಿಲ್ಲ. ನಾವು ವಾರಗಟ್ಟಲೆ ನಕ್ಕೆವು.

ಆಮೇಲೆ ರಾಮದುರ್ಗದ ಮದುವೆಯೊಂದರ ವರನ ಕುದುರೆ ಕೆಮ್ಮುತ್ತಲೇ ಊರಿಗೆ ಬಂತು. ವಾರದಲ್ಲಿ ಸ್ಟ್ಯಾಂಡೆಲ್ಲ ಕೆಮ್ಮು. ಒಂದು ಕುದುರೆ ಸತ್ತಿತು. ಕಾಕಾನ ಗೇಟಿನೊಳಗಿಂದಲೂ ಕೆಮ್ಮು ಕೇಳಿತು ಎಂದು ನನ್ನ ನೆನಪು, ಎರಡೇ ದಿನ. ಕೆಮ್ಮಿದ್ದು ಕುದುರೆಯೋ ಕಾಕಾನೋ ಎಂದು ತಂಗಿ ಕೇಳುತ್ತಾಳೆ. ಕಾಯ್ದದ್ದು ಆ ಒಂದು ಸೂಜಿಯೋ, ಚಿಲಕವೋ? ಊರಿಗೆ ಬಂದದ್ದು ಫ್ಲೂ ಹೌದೋ ಅಲ್ಲವೋ? ಯಾರೂ ಪರೀಕ್ಷೆ ಮಾಡಲಿಲ್ಲ.

ಸ್ಟ್ಯಾಂಡು ಶಾಂತವಾಯಿತೆಂದು ಹೇಳಲು ಒಂದು ಮಧ್ಯಾಹ್ನ ಹೋದೆ. ಹೊರಗೆ ನಿಂತೇ ಕೂಗಿದೆ. ಕಾಕಾ ಗೇಟು ತೆರೆದರು. ಗಡ್ಡ ಬೆಳೆದಿತ್ತು. ಹಿಂದೆ ಕುದುರೆ ಕಡಲೆ ಹೊಟ್ಟು ಮೇಯುತ್ತಿತ್ತು.

"ಆರಾಮ ಐತೇನ್ರಿ ಕಾಕಾ?"

"ಅದು ಆರಾಮ ಐತಿ." ಗಡ್ಡ ಕೆರೆದುಕೊಂಡರು. "ಯಾರೂ ಬರಲಿಲ್ಲಲ್ಲೋ."

"ನೀವಽ ಬರಬ್ಯಾಡ್ರಿ ಅಂದಿದ್ರಿ."

"ಅಂದಿದ್ದೆ." ಕುದುರೆಯ ಕುತ್ತಿಗೆ ಸವರುತ್ತ, ನನ್ನತ್ತ ನೋಡದೆ ಹೇಳಿದರು: "ಒಬ್ಬರರೆ ಜಗಳಾಡಿ ಒಳಗ ಬರಬೇಕಿತ್ತಿಲ್ಲ?"

ಗೋಣಿಚೀಲ ಝಾಡಿಸಿ ಹಾಸಿದರು. ಕುಂತೆ.