ಕಮಾನಿಗೆ ಎಣ್ಣೆ

ಮೋಟಾರು ಇಟ್ಟುಕೊಂಡವನಿಗೆ ಸಲಹೆಗಾರರ ಕೊರತೆ ಇರುವುದಿಲ್ಲ. ಆಗ ನಮ್ಮ ಚಾಮರಾಜಪುರಂನಲ್ಲಿ ಮೋಟಾರು ಇದ್ದ ಮನೆಗಳು ನಾಲ್ಕೋ ಐದೋ. ಬೀದಿಯ ಕೊನೆಯಿಂದಲೇ ಕೇಳಿಸುತ್ತಿದ್ದುದು ನನ್ನದೊಂದೇ. ಹಾಗಾಗಿ ಇಂಥ ಪ್ರಸಂಗಗಳೆಲ್ಲ ಹುಡುಕಿಕೊಂಡು ನನ್ನ ಮನೆಗೇ ಬರುತ್ತಿದ್ದವು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಕಾರ್ಯವನ್ನು ನೋಡಿ ಕಾರಣವನ್ನು ಕಂಡುಹಿಡಿಯುವುದು ಹೇಗೆಂದು ಹುಡುಗರಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುವವನು. ನನ್ನ ಗಾಡಿಯ ಕೆಳಗೆ ಕಿರುಗುಟ್ಟುತ್ತಿದ್ದುದು ಏನೆಂದು ತಿಳಿಯಲು ನನಗೇ ಏಳು ತಿಂಗಳು ಹಿಡಿಯಿತು.

೧. ರಸ್ತೆಯ ಸದ್ದು

ಗಾಡಿಯನ್ನು ನಾನು ಕೊಂಡದ್ದು ನಿವೃತ್ತರಾದ ಒಬ್ಬ ಅಮಲ್ದಾರರಿಂದ. ಕೊಳ್ಳುವ ಮೊದಲು ಒಂದು ಸುತ್ತು ಹೋಗಿ ಬಂದೆವು. ಹಳ್ಳ ಬಂದಾಗಲೆಲ್ಲ ಹಿಂದಿನಿಂದ ಕಿರ್ರೆಂದು ಸದ್ದು.

"ಏನೋ ಸದ್ದು ಬರುತ್ತಲ್ಲ ಸ್ವಾಮಿ?" ಎಂದೆ.

"ಅದು ಗಾಡೀದಲ್ಲ ಮೇಷ್ಟ್ರೇ, ರಸ್ತೇದು. ನನ್ನ ತಾಲ್ಲೂಕಿನಲ್ಲಿ ಒಂದು ದಿನವೂ ಬರಲಿಲ್ಲ."

ನಂಬಿದೆ. ಅವರ ತಾಲ್ಲೂಕಿನಲ್ಲಿ ಮೋಟಾರು ಓಡಿಸುವಂಥ ರಸ್ತೆಯೇ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಮೂರು ತಿಂಗಳ ಮೇಲೆ ಹಿನಕಲ್ ಕಡೆ ಹೋದೆ. ಆ ಗಾಡಿಜಾಡಿನಲ್ಲಿ ಸದ್ದು ಎರಡಾಯಿತು. ಒಂದು ಹಳೆಯ ಕಿರ್ರ್, ಇನ್ನೊಂದು ಗಣಗಣ. ಎದುರಿಗೆ ಎತ್ತಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ ರೈತ ಎತ್ತುಗಳನ್ನು ಪಕ್ಕಕ್ಕೆ ಹಿಡಿದು ನಿಲ್ಲಿಸಿ, ಕಿವಿಗೊಟ್ಟು ಕೇಳಿದ.

"ಕೀಲೆಣ್ಣೆ ಆಕಿ ಎಷ್ಟ್ ದಿನ ಆಯ್ತು ಸ್ವಾಮಿ?"

"ಇದು ಮೋಟಾರು ಕಣಪ್ಪ. ಎತ್ತಿನ ಗಾಡಿಯಲ್ಲ."

ಅವನು ಒಂದು ಗಳಿಗೆ ಯೋಚಿಸಿದ. "ಅಂಗಾ? ಸದ್ದು ಮಾತ್ರ ನಮ್ದೇ ಬುಡಿ," ಎಂದು ಎತ್ತಿನ ಬಾಲ ತಿರುಚಿದ.

ಅವನ ಗಾಡಿ ಸದ್ದಿಲ್ಲದೆ ಮುಂದೆ ಹೋಯಿತು.

೨. ಕಾಣೆಯಾದ ಉದ್ಧರಣೆ

ಇಷ್ಟರಲ್ಲಿ ಸದ್ದು ಮನೆಯ ವಿಷಯವಾಯಿತು. ಮನೆಯಲ್ಲಿ ಇದ್ದವರು ಮೂವರು: ಅಮ್ಮ, ನಾನು, ಬಿ.ಎ. ಓದುತ್ತಿದ್ದ ತಂಗಿ. ತಂಗಿಗೆ ಬೆಂಗಳೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಇಂಜಿನಿಯರು. ತಿಂಗಳ ಕೊನೆಯ ಭಾನುವಾರ ಅವನೂ ಅವನ ತಂದೆಯೂ ರೈಲಿನಲ್ಲಿ ಬರುವುದು, ನಾನು ಸ್ಟೇಷನ್ನಿನಿಂದ ಗಾಡಿಯಲ್ಲಿ ಕರೆತರುವುದು, ತಂಗಿ ಪಿಟೀಲು ನುಡಿಸುವುದು, ಇಷ್ಟು ಗೊತ್ತಾಗಿತ್ತು.

"ಆ ಹಿರಿಯರಿಗೆ ಸದ್ದು ಅಂದರೆ ಆಗೋದಿಲ್ಲವಂತೆ ಕಣೋ," ಎಂದರು ಅಮ್ಮ. "ನಿನ್ನ ಗಾಡಿ ಬಾಯಿ ಮುಚ್ಚಿಸು."

ಮದುವೆಯಾದ ಮೇಲೆ ಓದು ಸಾಕು ಎಂದೂ ಆ ಹಿರಿಯರು ಬರೆದಿದ್ದರು. ತಂಗಿಗೆ ಇನ್ನೊಂದು ವರ್ಷ ಬಾಕಿ ಇತ್ತು. ಸ್ತ್ರೀ ವಿದ್ಯಾಭ್ಯಾಸದ ಮೇಲೆ ನಾನು ಎರಡು ಭಾಷಣ ಮಾಡಿದ್ದೆ, ಎರಡರಲ್ಲೂ ಚಪ್ಪಾಳೆ ಬಿದ್ದಿತ್ತು. ಸಂಬಂಧ ಒಳ್ಳೆಯದು ಎಂದು ಅಮ್ಮ ಹೇಳಿದರು. ನಾನು ಹ್ಞೂ ಎಂದೆ. ತಂಗಿಯನ್ನು ಯಾರೂ ಕೇಳಲಿಲ್ಲ.

ಸದ್ದಿನ ಬಗ್ಗೆ ಮಾತ್ರ ನಾನು ಎಲ್ಲರನ್ನೂ ಕೇಳಿದೆ. ಪಕ್ಕದ ಮನೆಯ ಡಾಕ್ಟರು ಸ್ಟೆತಾಸ್ಕೋಪು ತಂದು ಮಡ್‌ಗಾರ್ಡಿಗೆ ಇಟ್ಟು, "ಉಬ್ಬಸದ ಹಾಗಿದೆ, ಮಳೆಗಾಲದಲ್ಲಿ ಜಾಸ್ತಿಯೋ ಕಡಿಮೆಯೋ?" ಎಂದರು. ಕಡಿಮೆ ಎಂದೆ. "ಹಾಗಾದರೆ ಉಬ್ಬಸ ಅಲ್ಲ," ಎಂದು ಕಾಫಿ ಕುಡಿದು ಹೋದರು. ನನ್ನ ಜೊತೆಯ ಭೌತಶಾಸ್ತ್ರದ ಮೇಷ್ಟ್ರು ಗಾಡಿಯನ್ನು ಕುಲುಕಬೇಕು ಎಂದರು. ಪಂಚೆ ಎತ್ತಿ ಕಟ್ಟಿಕೊಂಡು ಇಬ್ಬರೂ ಫುಟ್‌ಬೋರ್ಡಿನ ಮೇಲೆ ನಿಂತು ಕುಣಿದೆವು. ಕಿರ್ರ್ ಬರಲಿಲ್ಲ. ಗಣಗಣ ಬಂತು. ಹಿಂದಿನ ಸೀಟು ಎತ್ತಿ ನೋಡಿದರೆ ಕೆಳಗೆ ತಾಮ್ರದ ಉದ್ಧರಣೆ. ಸಂಧ್ಯಾವಂದನೆಗೆ ನೀರು ಹಾಕಿಕೊಳ್ಳುವ ನನ್ನದೇ ಚಮಚ. ಅಪ್ಪನ ತಿಥಿಗೆಂದು ನಂಜನಗೂಡಿಗೆ ಹೋದಾಗ ಚೀಲದಿಂದ ಜಾರಿ ಬಿದ್ದಿರಬೇಕು.

ಒಂದು ಸದ್ದಾದರೂ ಸಿಕ್ಕಿತೆಂದು ಅದನ್ನು ಎತ್ತಿಕೊಂಡು ಒಳಗೆ ಓಡಿದೆ. ಅಮ್ಮನಿಗೆ ತೋರಿಸಿದೆ.

ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾವು ನಂಜನಗೂಡಿಗೆ ಹೋಗಿ ಎಷ್ಟು ದಿನ ಆಯಿತೋ?"

"ಐದು ತಿಂಗಳು."

"ಐದು ತಿಂಗಳಿಂದ ಸಂಧ್ಯಾವಂದನೆ ಅಂತ ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡ್ತಾ ಇದ್ದೆ?"

ಪತ್ರಿಕೆ ಓದುತ್ತಿದ್ದೆ.

೩. ಒಂದು ಚೊಂಬು ನೀರು

ಕೊನೆಗೆ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಇಗರ್ಜಿಯ ಹಿಂದಿನ ಬೀದಿಯ ಕ್ರೈಸ್ತರು, ವಯಸ್ಸಾದವರು. ಕುದುರೆ ಸಾರೋಟುಗಳಿಗೆ ಸ್ಪ್ರಿಂಗು ಕಟ್ಟಿ ಕೂದಲು ನರೆತಿತ್ತು. "ಭಾನುವಾರ ಪೂಜೆ ಮುಗಿಸಿಕೊಂಡು ಬರ್ತೀನಿ ಸ್ವಾಮಿ," ಎಂದು ಹೇಳಿಕಳುಹಿಸಿದರು. ಆ ಪೂಜೆ ಇಗರ್ಜಿಯದೆಂದು ತಿಳಿಯದ ಅಮ್ಮ, "ನೋಡು, ಅವರಾದರೂ ಮಾಡ್ತಾರೆ," ಎಂದರು.

ಮೇಸ್ತ್ರಿ ಬಂದವರು ಗಾಡಿಯನ್ನು ಮುಟ್ಟಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದರು.

"ಹಿಂದೆ ಯಾರು ಕೂರ್ತಾರೆ?"

"ನನ್ನ ತಂಗಿ. ಕಾಲೇಜಿಗೆ ದಿನಾ ಬಿಡ್ತೀನಿ."

"ಅವರನ್ನ ಕೇಳಿದ್ರಾ?"

ಕೇಳಿರಲಿಲ್ಲ. ತಂಗಿ ಬಾಗಿಲಲ್ಲೇ ನಿಂತಿದ್ದಳು. "ಎಡಗಡೆ, ಹಿಂದಿನ ಚಕ್ರದ ಮೇಲೆ," ಎಂದಳು. "ಹಳ್ಳಕ್ಕೆ ಇಳಿಯೋವಾಗಲ್ಲ, ಮೇಲಕ್ಕೆ ಏಳೋವಾಗ."

ಮೇಸ್ತ್ರಿ ಒಂದು ಚೊಂಬು ನೀರು ಕೇಳಿದರು. ಚಕ್ರದ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಅದರ ಮೇಲೆ ನೀರು ಹೊಯ್ದು, ಗಾಡಿಯ ಮೂಲೆಯನ್ನು ಮೈಭಾರ ಹಾಕಿ ಅದುಮಿ ಬಿಟ್ಟರು. ಸದ್ದಿಲ್ಲ. ಬಿಸಿಲಿಗೆ ನೀರು ಆರುವವರೆಗೆ ಬೀಡಿ ಸೇದಿ ಮತ್ತೆ ಅದುಮಿದರು. ಕಿರ್ರ್.

"ಕಮಾನು ಒಣಗಿದೆ ಸ್ವಾಮಿ. ಪಟ್ಟಿಗೆ ಪಟ್ಟಿ ಉಜ್ಜುತ್ತಾ ಇದೆ. ಎಣ್ಣೆ ಕಂಡು ವರ್ಷಗಳಾಯ್ತು."

ಸಾರೋಟಿನವರ ಬಾಯಲ್ಲಿ ಆ ಸ್ಪ್ರಿಂಗಿಗೆ ಕಮಾನು ಎಂದೇ ಹೆಸರು.

"ನಿನಗೆ ಮೊದಲೇ ಗೊತ್ತಿತ್ತಾ?" ಎಂದು ತಂಗಿಯನ್ನು ಕೇಳಿದೆ. "ಯಾಕೆ ಹೇಳಲಿಲ್ಲ?"

"ನೀನು ಡಾಕ್ಟರನ್ನ ಕೇಳ್ತಾ ಇದ್ದೆಯಲ್ಲ."

ಚೊಂಬಿನಿಂದ ನೀರು ಹೊಯ್ಯುವುದನ್ನು ಒಳಗಿನಿಂದ ಕಂಡಿದ್ದ ಅಮ್ಮ ಅಷ್ಟರಲ್ಲಿ ಕುಂಕುಮದ ಬಟ್ಟಲು ಹಿಡಿದು ಬಂದು ಕಮಾನಿಗೆ ಇಟ್ಟೇಬಿಟ್ಟರು. ನಾನು ತಡೆಯಹೋದೆ.

"ಇಡಲಿ ಬಿಡಿ ಸ್ವಾಮಿ," ಎಂದರು ಮೇಸ್ತ್ರಿ. "ತುಕ್ಕು ಕಾಣೋದಿಲ್ಲ."

೪. ಯಾರ ಎಡ?

ಕಾರಣ ತಿಳಿದ ಮೇಲೆ ಕೆಲಸ ನಾನೇ ಮಾಡಬಲ್ಲೆ ಎಂದೆ. ಮೇಸ್ತ್ರಿ ಹೇಳಿಕೊಟ್ಟು ಹೋದರು: ಜಾಕಿ ಕೊಟ್ಟು ಗಾಡಿ ಎತ್ತುವುದು, ಚಕ್ರ ಜೋತುಬಿದ್ದರೆ ಪಟ್ಟಿಗಳು ಸ್ವಲ್ಪ ಬಾಯಿ ಬಿಡುತ್ತವೆ, ಚಪ್ಪಟೆ ಕಬ್ಬಿಣದಿಂದ ಇನ್ನಷ್ಟು ಬಿಡಿಸಿ ನಡುವೆ ಎಣ್ಣೆ ಹೊಯ್ಯುವುದು.

ಮುಂದಿನ ಶನಿವಾರ ಮಧ್ಯಾಹ್ನವೆಲ್ಲ ಗಾಡಿಯ ಕೆಳಗೆ ಅಂಗಾತ ಮಲಗಿದೆ. ಹರಳೆಣ್ಣೆ ಅರ್ಧ ಕಮಾನಿಗೆ ಹೋಯಿತು, ಅರ್ಧ ನನ್ನ ಕಿವಿಗೆ. ತಂಗಿ ಮೆಟ್ಟಿಲ ಮೇಲೆ ಕೂತು ಪಿಟೀಲು ಅಭ್ಯಾಸ ಮಾಡುತ್ತಿದ್ದಳು. ನಡುವೆ ಒಂದು ಸಲ, "ಅಣ್ಣ," ಎಂದಳು. "ಸುಮ್ಮನಿರು, ಕೆಲಸದಲ್ಲಿದ್ದೀನಿ," ಎಂದೆ. ಮತ್ತೆ ಪಿಟೀಲು ಎತ್ತಿಕೊಂಡಳು.

ಸಂಜೆ ಗಾಡಿ ಹೊರಡಿಸಿದೆ. ಕಿರ್ರ್.

ಮೇಸ್ತ್ರಿ ಮತ್ತೆ ಬಂದು ಬಗ್ಗಿ ನೋಡಿದರು. "ಬಲಗಡೇದಕ್ಕೆ ಎಣ್ಣೆ ಹೊಯ್ದಿದ್ದೀರಲ್ಲ?"

"ಎಡಗಡೇದು ಅಲ್ಲವಾ?"

"ಹಿಂದಿನಿಂದ ಕಾಲು ಮುಂದಾಗಿ ಜಾರಿಕೊಂಡು ಹೋದ್ರಾ, ತಲೆ ಮುಂದಾಗಿ ಹೋದ್ರಾ?"

"ಹಿಂದಿನಿಂದಲೇ ಹೋದೆ. ತಲೆ ಮುಂದಾಗಿ, ಅಂಗಾತ."

"ಅಲ್ಲಿಗೆ ಸರಿಹೋಯ್ತು. ಎಡ ಅಂದ್ರೆ ಗಾಡಿ ಎಡ ಸ್ವಾಮಿ, ನಿಮ್ಮ ಎಡ ಅಲ್ಲ."

ತಂಗಿಯ ಕಡೆ ನೋಡಿದೆ. ಅವಳು ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದಳು. ಹೌದು, ಪಿಟೀಲು ಉಜ್ಜುವ ಕಡ್ಡಿಯೂ ಕಮಾನೇ.

ಮೇಸ್ತ್ರಿ ಎಡಗಡೆಯದನ್ನು ನೋಡಿ ತಲೆ ಆಡಿಸಿದರು. ತುಕ್ಕು ಒಳಕ್ಕೆ ಇಳಿದಿದೆ, ಬಿಚ್ಚಿ ಅರದಲ್ಲಿ ಉಜ್ಜಬೇಕು, ವಾರದ ಕೆಲಸ, ಬೀಗರು ಬರುವುದರೊಳಗೆ ಆಗುವುದಿಲ್ಲ ಎಂದರು. "ಅಲ್ಲೀವರೆಗೆ ದಿನಾ ಬೆಳಿಗ್ಗೆ ಕಮಾನಿಗೆ ಎಣ್ಣೆ ಹಚ್ಚಿ. ಒಂದು ದಿನ ಬಿಟ್ರೆ ಹಾಡೋಕೆ ಶುರು ಮಾಡುತ್ತೆ."

"ನಮ್ಮ ಕಮಾನಿಗೆ ರಾಳ ಹಚ್ಚದೆ ಇದ್ದರೆ ಹಾಡೋದೇ ಇಲ್ಲ," ಎಂದಳು ತಂಗಿ.

"ಅದು ಒರಟಾಗಿರಬೇಕು ಮಗಳೇ. ಇದು ನುಣ್ಣಗಿರಬೇಕು."

"ಅದಕ್ಕೆ ಎಣ್ಣೆ ಹಚ್ಚಿದರೆ?"

"ಅದೂ ಬಾಯಿ ಮುಚ್ಚುತ್ತೆ," ಎಂದು ನಕ್ಕರು ಮೇಸ್ತ್ರಿ. ತಂಗಿ ನಗಲಿಲ್ಲ.

೫. ಎರಡು ಕಮಾನು

ವಾರವೆಲ್ಲ ಬೆಳಿಗ್ಗೆ ಎದ್ದು ಎಣ್ಣೆ ಹಚ್ಚಿದೆ. ಗಾಡಿ ಮಗುವಿನ ಹಾಗೆ ಸುಮ್ಮನಿತ್ತು. ಶನಿವಾರ ಸಂಜೆ ತಂಗಿಗೆ ಹೇಳಿದೆ: "ನಾಳೆ ನನಗೆ ಪುರುಸೊತ್ತಿಲ್ಲ. ಕಮಾನಿಗೆ ಎಣ್ಣೆ ನೀನೇ ಹಚ್ಚಿಬಿಡು."

"ಕಮಾನಿಗಾ?"

"ಹ್ಞೂ, ಕಮಾನಿಗೆ. ಧಾರಾಳವಾಗಿ ಹಚ್ಚು."

"ಆಗಲಿ ಅಣ್ಣ."

ಭಾನುವಾರ ಸ್ಟೇಷನ್ನಿನಿಂದ ಹೊರಟ ಕೂಡಲೇ ಕಿರ್ರ್ ಶುರುವಾಯಿತು. ವಾರದ ಮೌನವನ್ನೆಲ್ಲ ಬಡ್ಡಿ ಸಮೇತ ತೀರಿಸುವಂತಿತ್ತು. ಜಟಕಾ ಕುದುರೆಗಳು ಕಿವಿ ನಿಮಿರಿಸಿದವು. ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಅವನ ತಂದೆ ಎರಡು ಕಿವಿಗೂ ಬೆರಳಿಟ್ಟು, "ಏನ್ರೀ ಇದು ಸದ್ದು?" ಎಂದರು.

"ರಸ್ತೇದು," ಎಂದೆ.

ಮನೆಯಲ್ಲಿ ಉಪ್ಪಿಟ್ಟು, ಕಾಫಿ ಆಯಿತು. ತಂಗಿ ಬಂದು ಚಾಪೆಯ ಮೇಲೆ ಕೂತು ಪಿಟೀಲು ಎತ್ತಿಕೊಂಡಳು. ಕಮಾನು ಎಳೆದಳು. ಸದ್ದಿಲ್ಲ. ಇನ್ನೊಂದು ಸಲ ಎಳೆದಳು. ಇರುವೆ ನಡೆದಷ್ಟೂ ಸದ್ದಿಲ್ಲ. ನಾನು ಹತ್ತಿರದಿಂದ ನೋಡಿದೆ. ಕಮಾನಿನ ಕೂದಲು ಹರಳೆಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು.

ಅವಳು ನಿಲ್ಲಿಸಿದಳೇ? ಇಲ್ಲ. ಒಂದು ವರ್ಣವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದಳು. ಬೆರಳು ಓಡಿದವು, ಕಮಾನು ಹಾರಿತು, ಎರಡನೆಯ ಕಾಲ ಬಂತು. ಕೇಳಿಸಿದ್ದು ಅಡುಗೆಮನೆಯಲ್ಲಿ ಹಾಲು ಉಕ್ಕಿದ ಸದ್ದು ಮಾತ್ರ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹಿರಿಯರು ಕಣ್ಣು ಮುಚ್ಚಿ ಕೊನೆಯವರೆಗೂ ತಲೆದೂಗಿದರು. ಮುಗಿದ ಮೇಲೆ, "ಬಹಳ ಸಂತೋಷ," ಎಂದರು.

ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ. ತಂಗಿಯೂ ಹಾಗೇ ಎಂದುಕೊಂಡಿದ್ದಳು ಎಂದು ತೋರುತ್ತದೆ, ಆ ಸಂಜೆ ಅವಳು ಹಾಡು ಗುನುಗುತ್ತಿದ್ದಳು. ನಾಲ್ಕು ದಿನದ ಮೇಲೆ ಕಾಗದ ಬಂತು. "ಕನ್ಯೆ ನಮಗೆ ಒಪ್ಪಿಗೆ. ಇಷ್ಟು ಶಾಂತವಾಗಿ ಪಿಟೀಲು ನುಡಿಸುವ ಹುಡುಗಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮ್ಮ ಮೋಟಾರನ್ನು ವರನಿಗೆ ಕೊಡತಕ್ಕದ್ದು. ಸದ್ದು ನಿಲ್ಲಿಸಿ ಕೊಡತಕ್ಕದ್ದು."

ಅಮ್ಮ ದೇವರ ಮುಂದೆ ದೀಪ ಹಚ್ಚಲು ಎದ್ದರು. ತಂಗಿ ಕಾಗದ ಓದಿ, ಮಡಿಸಿ, ನನ್ನ ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ. ಬಾವಿಕಟ್ಟೆಯ ಮೇಲೆ ಕೂತಿದ್ದಳು.

"ನಾನು ಹೇಳಿದ್ದು ಗಾಡಿ ಕಮಾನಿಗೆ," ಎಂದೆ.

"ನೀನು ಕಮಾನು ಅಂದೆ. ಮನೆಯಲ್ಲಿ ಎರಡಿತ್ತು. ಯಾವುದು ಅಂತ ತರ್ಕದ ಮೇಷ್ಟ್ರು ಹೇಳಬೇಕು."

ಅವಳ ಕಣ್ಣು ಕೆಂಪಗಿತ್ತು. ಆ ಹೊತ್ತಿಗೆ ನನಗೆ ಮೇಸ್ತ್ರಿಯ ಪ್ರಶ್ನೆ ನೆನಪಾಯಿತು. ಬೀದಿಯ ಡಾಕ್ಟರಿಂದ ಹಿಡಿದು ಎಲ್ಲರನ್ನೂ ಕೇಳಿ, ಹಿಂದಿನ ಸೀಟಿನಲ್ಲಿ ಕೂತವಳನ್ನು ಬಿಟ್ಟಿದ್ದೆ. ಗಾಡಿಯ ವಿಷಯದಲ್ಲಿ ಏಳು ತಿಂಗಳು, ಈ ವಿಷಯದಲ್ಲಿ ಅದಕ್ಕಿಂತ ಹೆಚ್ಚು.

"ನಿನಗೆ ಏನು ಬೇಕು?" ಎಂದೆ.

"ಬಿ.ಎ. ಮುಗಿಸ್ತೀನಿ," ಎಂದಳು. ಎಡಗಡೆ, ಹಿಂದಿನ ಚಕ್ರ ಎಂದು ಹೇಳಿದಳಲ್ಲ, ಅದೇ ಧ್ವನಿಯಲ್ಲಿ. ಒಂದು ಕ್ಷಣವೂ ಯೋಚಿಸಲಿಲ್ಲ. ಉತ್ತರ ಯಾವಾಗಿನಿಂದಲೋ ಸಿದ್ಧವಾಗಿತ್ತು.

ಅವತ್ತೇ ಬರೆದು ಹಾಕಿದೆ: "ತಮ್ಮ ಕಿವಿಗೆ ಕೇಳಿಸದಿದ್ದರೂ ಕನ್ಯೆ ಸದ್ದು ಮಾಡುವವಳು. ಮೋಟಾರೂ ಹಾಗೆಯೇ. ಎರಡನ್ನೂ ನಿಲ್ಲಿಸುವಷ್ಟು ಎಣ್ಣೆ ನಮ್ಮಲ್ಲಿ ಇಲ್ಲ. ಕ್ಷಮಿಸಬೇಕು."

ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅನ್ನ ಬಡಿಸುತ್ತಾ, "ಮೂರು ಸಲ ಉಪ್ಪಿಟ್ಟು ಹಾಕಿಸಿಕೊಂಡು ಉಪ್ಪು ಕಡಿಮೆ ಅಂದರಲ್ಲ ಆ ಮನುಷ್ಯ," ಎಂದರು. ಅಲ್ಲಿಗೆ ಆ ಸಂಬಂಧ ನಿಜವಾಗಿ ಮುಗಿಯಿತು.

ಮೇಸ್ತ್ರಿ ಬಂದು ಕಮಾನು ಬಿಚ್ಚಿ, ಉಜ್ಜಿ, ಕಟ್ಟಿಕೊಟ್ಟರು. ಪಿಟೀಲಿನ ಕಮಾನಿಗೆ ಹೊಸ ಕೂದಲು ಹಾಕಿಸಿದ್ದಾಯಿತು. ಮುಂದಿನ ವರ್ಷ ಬಿ.ಎ. ಪರೀಕ್ಷೆಯ ಮೊದಲ ದಿನ ತಂಗಿಯನ್ನು ಗಾಡಿಯಲ್ಲಿ ಕರೆದುಕೊಂಡು ಹೊರಟೆ. ಹಳ್ಳ ಬಂತು, ಹೋಯಿತು. ಸದ್ದಿಲ್ಲ. ನನ್ನ ಕೆಲಸದ ಬಗ್ಗೆ ನನಗೇ ಮೆಚ್ಚುಗೆಯಾಯಿತು.

"ಅಣ್ಣ," ಎಂದಳು ಹಿಂದಿನಿಂದ, ಪುಸ್ತಕದಿಂದ ತಲೆ ಎತ್ತದೆ. "ಈಗ ಬಲಗಡೆ ಶುರುವಾಗಿದೆ."

"ಯಾರ ಬಲ?" ಎಂದು ಕೇಳಿದೆ.

"ಪರೀಕ್ಷೆ ಮುಗಿಸಿಕೊಂಡು ಬಂದು ತೋರಿಸ್ತೀನಿ. ಅಲ್ಲೀವರೆಗೆ ಏನೂ ಮುಟ್ಟಬೇಡ."